ಗಣಿಗೌರಿಯ ಮೂಗು

ಯಾವ ಹೊಸ ಗೊಂಬೆ ಬಂದರೂ ಚೈತ್ರ ಅದನ್ನು ಪೆಟ್ಟಿಗೆಯಿಂದ ತೆಗೆದು ಮೊದಲು ಮೈಯೆಲ್ಲ ತಪಾಸಣೆ ಮಾಡುತ್ತಿದ್ದಳು. ಮನೆಯ ಜಗಲಿಯಲ್ಲಿ ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಕಡೆ ಕೂತು, ತೊಡೆಯ ಮೇಲೆ ಬಿಳಿ ಟವೆಲ್ ಹಾಸಿ, ಅದನ್ನು ಅಂಗಾತ ಮಲಗಿಸಿ ನೋಡುತ್ತಿದ್ದಳು. ಆಮೇಲೆ ಬೋರಲು ಹಾಕಿ ನೋಡುತ್ತಿದ್ದಳು. ಕೈಕಾಲಿನ ಕೀಲುಗಳನ್ನು ಆಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಬೂಟಿನ ಅಂಚಿನಲ್ಲಿ ಅಚ್ಚಿನ ಗೆರೆ ಉಳಿದಿದೆಯೇ ಎಂದು ಉಗುರು ಎಳೆದು ಪರೀಕ್ಷಿಸುತ್ತಿದ್ದಳು. ಮುಖವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳುತ್ತಿದ್ದಳು.

"ಎಣ್ಣು ನೋಡಕ್ಕೆ ಬಂದೋರೂ ಇಷ್ಟೊಂದು ನೋಡಲ್ಲ ಕಣೇ" ಎಂದು ತಾಯಿ ನಾರಾಯಣಮ್ಮ ಹಾಲಿನ ಕ್ಯಾನು ತೊಳೆಯುತ್ತಾ ನಗುತ್ತಿದ್ದಳು.

ಬೂದಿಕೋಟೆಯ ಪಕ್ಕದ ಹಳ್ಳಿ ಅವರದು. ಚೈತ್ರ ದಿನಾ ಬಸ್ಸು ಹಿಡಿದು ಬಂಗಾರಪೇಟೆಗೆ ಹೋಗಿ, ಸುಬ್ಬರಾಯಪ್ಪನವರ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಮದುವೆ ಆಲ್ಬಂ, ಪಾಸ್‌ಪೋರ್ಟ್ ಫೋಟೋ, ತೀರಿಹೋದವರ ಚಿತ್ರಕ್ಕೆ ಹಾರ ಹಾಕುವುದು ಅವಳ ಕೆಲಸ. ಒಮ್ಮೆ ಗಿರಾಕಿಯೊಬ್ಬ ಹಳೇ ಸೂಪರ್‌ಹೀರೋ ಗೊಂಬೆಯೊಂದನ್ನು ಮಾರಲೆಂದು ಫೋಟೋ ತೆಗೆಸಲು ಬಂದಿದ್ದ. ದೊಡ್ಡ ಲೆನ್ಸಿನಲ್ಲಿ ಅದರ ಮುಖ ಕಂಡಾಗ ಚೈತ್ರಳಿಗೆ ನಗು ತಡೆಯಲಾಗಲಿಲ್ಲ. ಅದೇ ದಿನ ತನ್ನ ಫೋನಿನಲ್ಲಿ ಮೊದಲ ವೀಡಿಯೊ ಮಾಡಿದಳು. "ನೋಡ್ರಪ್ಪ, ಈವಯ್ಯ ಲೋಕ ಕಾಪಾಡಕ್ಕೆ ಬಂದವ್ನೆ. ಆದ್ರೆ ಒಂದು ಕಣ್ಣು ಕೋಲಾರದ ಕಡೀಕೆ, ಇನ್ನೊಂದು ಕುಪ್ಪಂ ಕಡೀಕೆ. ಕಳ್ಳ ಎದುರಿಗೆ ನಿಂತ್ರೆ ಕಾಣಿಸ್ತಾನಾ?"

ಆ ನಗು ಊರಿಂದೂರಿಗೆ ಹೋಯಿತು. ಅಲ್ಲಿಂದ ಪ್ರತಿ ಭಾನುವಾರ ಒಂದು ಗೊಂಬೆ. ಕೆತ್ತನೆಗೆ ಹತ್ತಕ್ಕೆ ಎಷ್ಟು, ಬಣ್ಣಕ್ಕೆ ಹತ್ತಕ್ಕೆ ಎಷ್ಟು ಎಂದು ಅಂಕ ಕೊಡುತ್ತಿದ್ದಳು. ಬೈದರೂ ಕಾರಣ ಹೇಳಿ ಬೈಯುತ್ತಿದ್ದಳು, ಹೊಗಳಿದರೂ ಬೆರಳಿಟ್ಟು ತೋರಿಸಿ ಹೊಗಳುತ್ತಿದ್ದಳು. ನೋಡುವವರು ಬೆಳೆದರು. ಗೊಂಬೆ ಸಂಗ್ರಹಿಸುವ ದೊಡ್ಡವರು, ಮಕ್ಕಳಿಗೆ ಕೊಡಿಸುವ ತಾಯಂದಿರು, ಅವಳ ಮಾತಿನ ಧಾಟಿಗಷ್ಟೇ ಬರುವವರು, ಎಲ್ಲರೂ ಇದ್ದರು.

ಹೀಗಿರುವಾಗ ಬಂಗಾರಪೇಟೆಯಲ್ಲೇ ಹೊಸದಾಗಿ ಶುರುವಾದ ಜಗಜಟ್ಟಿ ಟಾಯ್ಸ್‌ನ ಮಾಲೀಕ ರವಿಶಂಕರ್ ಅವಳಿಗೆ ಫೋನ್ ಮಾಡಿದ.

"ನಮ್ಮ ನೆಲದ್ದೇ ಸೂಪರ್‌ಹೀರೋ ಕಣಮ್ಮ. ಹೆಂಗಸು! ಗಣಿಗೌರಿ ಅಂತ. ಗಣಿ ಮುಚ್ಚಿದ ಮೇಲೂ ನೆಲದಡಿಯಲ್ಲೇ ಉಳಿದವಳು, ಕತ್ತಲಲ್ಲಿ ಕಣ್ಣು ಕಾಣುತ್ತೆ, ಕೈಯಲ್ಲಿ ಬಂಡೆ ಒಡೀತಾಳೆ. ಬರೋ ಭಾನುವಾರದ ಆಚೆ ಭಾನುವಾರ ಕೆಜಿಎಫ್‌ನ ಊರಿಗಾಂ ಸಮುದಾಯ ಭವನದಲ್ಲಿ ಬಿಡುಗಡೆ. ನೀವು ವೇದಿಕೆ ಮೇಲಿರಬೇಕು. ಅದಕ್ಕೆ ಮೊದಲು ಒಂದು ವೀಡಿಯೊ ಮಾಡಿ. ಪೆಟ್ಟಿಗೆ ಕಳಿಸ್ತಿದ್ದೀನಿ."

ಚೈತ್ರಳಿಗೆ ನಿಜವಾಗಿಯೂ ಖುಷಿಯಾಯಿತು. ಯಾವಾಗಲೂ ಬೇರೆ ಯಾವುದೋ ದೇಶದ ವೀರರನ್ನೇ ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದವಳಿಗೆ, ಕೆಜಿಎಫ್‌ನ ಹೆಣ್ಣೊಬ್ಬಳು ತಲೆಗೆ ದೀಪದ ಟೊಪ್ಪಿ ಹಾಕಿಕೊಂಡು ಬರುತ್ತಾಳೆಂದರೆ ಸಣ್ಣ ಮಾತೇ? ಪೆಟ್ಟಿಗೆ ಬಂದ ಬೆಳಿಗ್ಗೆ ಮುಖವನ್ನು ಕೊನೆಗೆ ನೋಡುವ ತನ್ನ ಪದ್ಧತಿಯನ್ನೂ ಬಿಟ್ಟು ನೇರ ಮುಖವನ್ನೇ ನೋಡಿದಳು.

ನೋಡಿದವಳು ಹುಬ್ಬು ಗಂಟಿಕ್ಕಿದಳು. ಗೊಂಬೆಯನ್ನು ಪಕ್ಕಕ್ಕೆ ತಿರುಗಿಸಿ ಮೂಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಆಡಿಸಿದಳು.

ಬೆರಳಿಗೆ ಸಿಕ್ಕುತ್ತಿದ್ದವಳು ಒಬ್ಬ ಹೆಂಗಸು, ಕಣ್ಣಿಗೆ ಕಾಣುತ್ತಿದ್ದವಳು ಇನ್ನೊಬ್ಬಳು. ಬೆರಳಿನಡಿ ಅಗಲವಾದ, ಹೊಳ್ಳೆ ಅರಳಿದ ಮೂಗಿತ್ತು, ದಪ್ಪ ತುಟಿಯಿತ್ತು, ಗಟ್ಟಿ ದವಡೆಯಿತ್ತು. ಕಣ್ಣ ಕೆಳಗೆ ದುಡಿದು ಬಂದ ಎರಡು ಸಣ್ಣ ಮಡಿಕೆಗಳನ್ನೂ ಕೆತ್ತಿದವರು ಬಿಟ್ಟಿರಲಿಲ್ಲ. ಆದರೆ ಮೇಲೆ ಬಳಿದ ಬಣ್ಣ ಹಾಲಿಗೆ ಕುಂಕುಮ ಬೆರೆಸಿದಂಥ ಗುಲಾಬಿ. ಮೂಗಿನ ನಡುವೆ ಬಿಳಿ ಗೆರೆ ಎಳೆದು, ಎರಡು ಬದಿಗೂ ಕಂದು ನೆರಳು ಕೊಟ್ಟು, ಅಗಲ ಮೂಗು ಚೂಪಾಗಿ ಕಾಣುವಂತೆ ಮಾಡಿದ್ದರು. ದಪ್ಪ ತುಟಿಯ ಒಳಗಡೆ ಮಾತ್ರ ಸಣ್ಣದಾಗಿ ಕೆಂಪು ಬಳಿದು, ಉಳಿದ ತುಟಿಯನ್ನು ಕೆನ್ನೆಯ ಬಣ್ಣದಲ್ಲೇ ಮುಚ್ಚಿದ್ದರು.

ಭಾನುವಾರದ ವೀಡಿಯೊದಲ್ಲಿ ಅವಳು ನಗಲಿಲ್ಲ.

"ಕೆತ್ತನೆಗೆ ಒಂಬತ್ತು. ಈ ಕೈ ನೋಡಿ, ಬಂಡೆ ಹಿಡಿದು ರೂಢಿ ಇರೋ ಕೈ, ಗೆಣ್ಣು ಊದಿಕೊಂಡದೆ. ಯಾರು ಕೆತ್ತಿದ್ರೋ ಪೆಟ್ಟಿಗೆ ಮೇಲೆ ಎಸರಿಲ್ಲ. ಅವ್ರಿಗೆ ಕೈ ಮುಗೀತೀನಿ. ಬಣ್ಣಕ್ಕೆ ಒಂದು. ಬೆಲ್ಟಿನ ಬಣ್ಣ ಸೀರೆಗೆ ಇಳಿದದೆ ಅಂತ ಅಲ್ಲ, ಅದನ್ನ ಕ್ಷಮಿಸಬೌದು. ಕೆತ್ತಿದೋರು ನಮ್ಮ ಎಣ್ಣುಮಗಳ ಮುಖ ಕೆತ್ತವ್ರೆ. ಬಣ್ಣ ಬಳಿದೋರು ಆ ಮುಖಾನ ನಾಚಿಕೆ ಅಂದ್ಕೊಂಡು ಬಚ್ಚಿಟ್ಟವ್ರೆ. ನೆಲದಡಿ ಉಳಿದು, ಬಂಡೆ ಒಡೆದು ಬದುಕಿದೋಳು ಕನ್ನಡಿ ಮುಂದೆ ಕೂತು ಮೂಗು ಸಣ್ಣ ಮಾಡ್ಕೊಂಡ್ಳಾ?"

ಮಧ್ಯಾಹ್ನದೊಳಗೆ ಫೋನ್ ಬಿಸಿಯಾಯಿತು. ಸರಿಯಾಗಿ ಹೇಳಿದೆ ಎಂದವರು ಇದ್ದರು. ನಮ್ಮೂರವರು ಏನೋ ಮಾಡಲು ಹೊರಟರೆ ಕಾಲೆಳೆಯುತ್ತೀಯಾ ಎಂದವರು ಅದಕ್ಕಿಂತ ಹೆಚ್ಚು. ಹೊರಗಿನ ಗೊಂಬೆಗೆ ಬೈಯಿ, ಮನೆಯದನ್ನು ಮುಚ್ಚಿಟ್ಟುಕೋ ಎಂದು ಚಿಕ್ಕಮ್ಮನೊಬ್ಬಳು ಬುದ್ಧಿ ಹೇಳಿದಳು. ರವಿಶಂಕರ್ ಎರಡು ಸಲ ಫೋನ್ ಮಾಡಿ ವೀಡಿಯೊ ಅಳಿಸಿಹಾಕಲು ಹೇಳಿದ. ಅಳಿಸುವುದಿಲ್ಲ ಎಂದಳು.

ಮರುದಿನ ಅವನೇ ಸ್ಟುಡಿಯೋಗೆ ಬಂದ. ಸುಬ್ಬರಾಯಪ್ಪ ಎದ್ದು ನಿಂತು ಕುರ್ಚಿ ಕೊಟ್ಟರು. ಕಂಪನಿಯ ಮುಂದಿನ ಪೆಟ್ಟಿಗೆಗಳ ಫೋಟೋ ತೆಗೆಯುವ ಕೆಲಸ ಅವರ ಸ್ಟುಡಿಯೋಗೆ ಸಿಗುವುದಿತ್ತು. ರವಿಶಂಕರ್ ಕೂರದೆ ಚೈತ್ರಳ ಪಕ್ಕಕ್ಕೆ ಬಂದು ನಿಂತ. ಸಿಟ್ಟು ತೋರಿಸುವ ಜಾತಿಯಲ್ಲ ಅವನು, ನಗುನಗುತ್ತಲೇ ಮಾತಾಡುವವನು.

"ಹೆಸರೇ ಗೌರಿ ಅಲ್ವೇನಮ್ಮ? ಗೌರಿ ಅಂದ್ರೆ ಬೆಳ್ಳಗಿರೋಳು ಅಂತ ಅರ್ಥ."

"ನಮ್ಮೂರಲ್ಲಿ ಮೂರು ಜನ ಗೌರಮ್ಮರು ಅವ್ರೆ ಸಾರ್. ಒಬ್ಬಳೂ ಬೆಳ್ಳಗಿಲ್ಲ. ಎಸರು ಕಿತ್ಕೊಂಬುಡಾಣ?"

"ನೋಡಮ್ಮ, ಮಣ್ಣಲ್ಲಿ ಮಾಡಿದ ಮೊದಲ ಮಾದರಿ ಕಪ್ಪಗೇ ಇತ್ತು. ಅಂಗಡಿಯವರಿಗೆ ತೋರಿಸಿದೆ. ಎಲ್ಲರೂ ಬೇಡ ಅಂದ್ರು. ಜನಕ್ಕೆ ಏನು ಬೇಕೋ ಅದನ್ನ ನಾನು ಕೊಟ್ಟೆ." ಅವನ ಕಣ್ಣು ಕಂಪ್ಯೂಟರ್ ಪರದೆಯ ಮೇಲೆ ಬಿತ್ತು. ಅಲ್ಲಿ ಮದುಮಗಳೊಬ್ಬಳ ಮುಖ ಅರ್ಧ ಕಂದಾಗಿ, ಅರ್ಧ ಬೆಳ್ಳಗಾಗಿ ನಿಂತಿತ್ತು. ಚೈತ್ರ ಅವನು ಬರುವ ಮೊದಲು ಅದನ್ನೇ ಮಾಡುತ್ತಿದ್ದಳು. ಅವನ ನಗು ಅಗಲವಾಯಿತು. "ನೀನು ದಿನಾ ಮಾಡೋದೂ ಇದೇ ಅಲ್ವಾ? ನಿನ್ನ ಕಂಪ್ಯೂಟರಲ್ಲಿ ಮಾಡಿದ್ರೆ ಕೆಲಸ, ನನ್ನ ಫ್ಯಾಕ್ಟರಿಯಲ್ಲಿ ಮಾಡಿದ್ರೆ ಪಾಪಾನಾ?"

ಸುಬ್ಬರಾಯಪ್ಪ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಚೈತ್ರ ಮೌಸ್ ಮೇಲಿದ್ದ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ರವಿಶಂಕರ್ ಗೆದ್ದವನಂತೆ ಹೊರಟುಹೋದ. ಅವಳು ಆ ಮದುಮಗಳ ಮುಖವನ್ನೇ ನೋಡುತ್ತಾ ಕೂತಳು. ಕಂದು ಬಣ್ಣವಿದ್ದ ಅರ್ಧದಲ್ಲಿ ನಗು ಇತ್ತು, ಕೆನ್ನೆಯ ಮೇಲೆ ಮೊಡವೆಯ ಗುರುತಿತ್ತು, ಯಾರೋ ಕರೆದದ್ದಕ್ಕೆ ತಿರುಗಿ ನೋಡಿದ ಚುರುಕಿತ್ತು. ಬೆಳ್ಳಗಾದ ಅರ್ಧದಲ್ಲಿ ಹಿಟ್ಟು ಮಾತ್ರ ಇತ್ತು. ಅವನು ಹೇಳಿದ್ದು ಸುಳ್ಳಲ್ಲ. ಅದು ಅವಳನ್ನು ಚುಚ್ಚಿದ್ದೂ ಹೌದು. ಆದರೆ ನಾನೂ ಮಾಡಿದ್ದೇನೆ, ಆದ್ದರಿಂದ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಒಪ್ಪಿಕೊಳ್ಳಲು ಅವಳ ಮನಸ್ಸು ಬಗ್ಗಲಿಲ್ಲ. ಬದಲಾಯಿಸಿದ್ದನ್ನೆಲ್ಲ ಅಳಿಸಿ, ಫೋಟೋವನ್ನು ತೆಗೆದಾಗ ಹೇಗಿತ್ತೋ ಹಾಗೇ ಇಟ್ಟಳು.

"ಏನ್ಮಾಡ್ತಿದ್ದೀಯಮ್ಮ?" ಎಂದರು ಸುಬ್ಬರಾಯಪ್ಪ.

"ಇನ್ಮೇಲೆ ಮುಖ ಬೆಳ್ಳಗೆ ಮಾಡೋ ಕೆಲಸ ನಾನು ಮಾಡಲ್ಲ ಸಾರ್. ಬೆಳಕು ಸರಿ ಮಾಡ್ತೀನಿ, ಹಿಂದಿನ ಗೋಡೆ ಬದಲಾಯಿಸ್ತೀನಿ, ಏನು ಬೇಕಾದ್ರೂ ಮಾಡ್ತೀನಿ. ಮುಖ ಮುಟ್ಟಲ್ಲ."

"ಗಿರಾಕಿ ಕೇಳಿದ್ರೆ?"

"ನನ್ನ ಕೈಲಿ ಆಗಲ್ಲ ಅಂತ ನಾನೇ ಏಳ್ತೀನಿ."

ಸುಬ್ಬರಾಯಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ, ಆದರೆ ವ್ಯಾಪಾರಸ್ಥರು. "ಹಂಗಾದ್ರೆ ಸ್ವಲ್ಪ ದಿನ ಮನೇಲಿರು. ತಲೆ ತಣ್ಣಗಾದ ಮೇಲೆ ಬಾ" ಎಂದರು.

ಚೈತ್ರ ಚೀಲ ಎತ್ತಿಕೊಂಡು ಬಂದುಬಿಟ್ಟಳು.

ಹೊತ್ತಿಗೆ ಮುಂಚೆ ಮನೆಗೆ ಬಂದ ಮಗಳನ್ನು ಕಂಡು ನಾರಾಯಣಮ್ಮನಿಗೆ ಅರ್ಥವಾಯಿತು. ಎಲ್ಲವನ್ನೂ ಕೇಳಿಸಿಕೊಂಡು, "ಬೊಂಬೆಗೆ ಯಾವ ಬಣ್ಣ ಬಳಿದ್ರೆ ನಿಂಗೇನಾಯ್ತೇ? ಅದೇನು ಅತ್ತು ಕರೀತದಾ?" ಎಂದು ಬೈದಳು. ಬೈಯುತ್ತಲೇ ಜಗಲಿಯ ಮೇಲಿದ್ದ ಗಣಿಗೌರಿಯನ್ನು ಕೈಗೆತ್ತಿಕೊಂಡಳು. ಅದುವರೆಗೆ ಅವಳು ಮಗಳ ಯಾವ ಗೊಂಬೆಯನ್ನೂ ಮುಟ್ಟಿದವಳಲ್ಲ. ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು.

"ಮೂಗು ನಮ್ಮ ಕಡೇದು. ಬಣ್ಣ ಯಾವ ಕಡೇದು? ತಾಯಿ ಒಬ್ಬಳು, ಸಾಕಿದೋಳು ಒಬ್ಬಳು ಅನ್ನಂಗದೆ." ಗೊಂಬೆಯನ್ನು ಮಗಳ ತೊಡೆಯ ಮೇಲೆ ಇಟ್ಟು ಒಳಗೆ ಹೋಗುತ್ತಾ ಅಂದಳು, "ಅವ್ರನ್ನ ನೀನು ಬೈದಿದ್ದು ಬೈದೆ. ಈಗ ಇಂದಕ್ಕೆ ಬರಬೇಡ ಮತ್ತೆ."

ಆ ಸಂಜೆಯೇ ಒಂದು ಸಂದೇಶ ಬಂತು. "ಅಕ್ಕಾ, ನಾನು ವನಿತಾ. ಗಣಿಗೌರಿ ಕೆತ್ತಿದ್ದು ನಾನೇ. ನೀವು ಕೈ ಮುಗಿದಿದ್ದು ನೋಡಿದೆ. ಒಂದ್ಸಲ ಊರಿಗಾಂಗೆ ಬರ್ತೀರಾ?"

ಚೈತ್ರ ಮಾರನೇ ದಿನವೇ ಬಂಗಾರಪೇಟೆಯಲ್ಲಿ ರೈಲು ಹತ್ತಿ ಊರಿಗಾಂನಲ್ಲಿ ಇಳಿದಳು. ಗಣಿ ಕೆಲಸಗಾರರ ಹಳೇ ಲೈನು ಮನೆಗಳ ಸಾಲಿನಲ್ಲಿ, ತಗಡಿನ ಮಾಡಿನ ಮುಂದೆ ಒಬ್ಬ ಹೆಂಗಸು ಸೀಮೆಎಣ್ಣೆ ಡಬ್ಬದ ಮೇಲೆ ಕೂತು ಪಣಿಯಾರದ ಗುಳಿ ಹಂಚಿಗೆ ಹಿಟ್ಟು ಹುಯ್ಯುತ್ತಿದ್ದಳು. ವನಿತಾಳ ಮನೆ ಯಾವುದೆಂದು ಕೇಳಲು ಹತ್ತಿರ ಹೋದ ಚೈತ್ರ ಅಲ್ಲೇ ನಿಂತುಬಿಟ್ಟಳು. ಆ ಮುಖವನ್ನು ಅವಳು ಹೆಬ್ಬೆರಳಿನಿಂದ ಮುಟ್ಟಿ ನೋಡಿದ್ದಳು. ಅದೇ ಅಗಲ ಮೂಗು, ಅದೇ ದವಡೆ, ಕಣ್ಣ ಕೆಳಗೆ ಅದೇ ಮಡಿಕೆಗಳು. ಬೆಂಕಿಯ ಮುಂದೆ ಬೆವರಿದ ಆ ಕಪ್ಪು ಮುಖ ಎಣ್ಣೆ ಹಚ್ಚಿದ ಕಲ್ಲಿನ ಹಾಗೆ ಹೊಳೆಯುತ್ತಿತ್ತು.

"ಅದು ನಮ್ಮಮ್ಮ, ಆದಿಲಕ್ಷ್ಮಮ್ಮ" ಎಂದು ಒಳಗಿನಿಂದ ತೆಳ್ಳಗಿನ ಹುಡುಗಿಯೊಬ್ಬಳು ಕೈ ಒರೆಸಿಕೊಳ್ಳುತ್ತಾ ಬಂದಳು. "ಉಳ್ಳೆ ವಾಂಗಕ್ಕಾ, ಒಳಗೆ ಬನ್ನಿ."

ಆದಿಲಕ್ಷ್ಮಮ್ಮ ಎಲೆಯಲ್ಲಿ ಪಣಿಯಾರ ಹಾಕಿಕೊಟ್ಟಳು. ವನಿತಾ ಮೊದಲು ಮಾತಾಡಲು ಹಿಂಜರಿದಳು. ಗಣೇಶನ ಮೂರ್ತಿ ಮಾಡುವವರ ಹತ್ತಿರ ಮಣ್ಣಿನ ಕೆಲಸ ಕಲಿತವಳು. ರವಿಶಂಕರ್‌ಗೆ ಮುಖ ಮಾಡಿಕೊಡುವಾಗ ಅಮ್ಮನದು ಬಿಟ್ಟು ಬೇರೆ ಯಾರ ಮುಖವೂ ಕಣ್ಣಿಗೆ ಬರಲಿಲ್ಲ ಎಂದಳು. ಬಣ್ಣ ಹಚ್ಚಿ ಬಂದ ಮೇಲೆ ಒಂದು ಗೊಂಬೆಯನ್ನು ಅಮ್ಮನಿಗೆ ತಂದುಕೊಟ್ಟಿದ್ದಳಂತೆ.

"ಅಮ್ಮ ನೋಡಿದಾಳೆ. ನೋಡಿ, ಚೆನ್ನಾಗದೆ ಯಾರಿದು ಅಂತ ಕೇಳಿದಾಳೆ." ಹೊರಗೆ ಕೂತ ತಾಯಿಗೆ ಕೇಳಿಸಬಾರದೆಂದು ವನಿತಾ ದನಿ ತಗ್ಗಿಸಿದಳು. "ನಾನು ಏನೂ ಹೇಳಲಿಲ್ಲ ಅಕ್ಕಾ. ನೀನೇ ಅಂತ ಹೆಂಗೆ ಹೇಳೋದು?"

ಚೈತ್ರ ಪಣಿಯಾರದ ಎಲೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ತನ್ನ ಚೀಲದಿಂದ ಗಣಿಗೌರಿಯನ್ನು ತೆಗೆದು ನೆಲದ ಮೇಲೆ ನಿಲ್ಲಿಸಿದಳು. "ಬಣ್ಣ ಇದ್ಯಾ ನಿನ್ನತ್ರ?"

"ಆಮಾ, ಹೌದಕ್ಕಾ, ಇದೆ."

"ಬಳಿ ಮತ್ತೆ."

ವನಿತಾ ಹತ್ತಿಗೆ ಸ್ಪಿರಿಟ್ ಅದ್ದಿ ಮುಖ ಒರೆಸಿದಳು. ಮೂಗಿನ ಬಿಳಿ ಗೆರೆ ಹೋಯಿತು, ಸುಳ್ಳು ನೆರಳು ಹೋಯಿತು. ಬೂದು ಬಣ್ಣದ ತೆಳು ಪದರದ ಮೇಲೆ ಕಂದು, ಅದರ ಮೇಲೆ ಇನ್ನೂ ದಟ್ಟ ಕಂದು, ಕೆನ್ನೆಯ ಎಲುಬಿನ ಮೇಲೆ ತಾಮ್ರದ ಹೊಳಪು. ಅವಳು ಆಗಾಗ ತಲೆಯೆತ್ತಿ ಬಾಗಿಲಾಚೆ ತಾಯಿಯನ್ನು ನೋಡುತ್ತಿದ್ದಳು. ಕೊನೆಯಲ್ಲಿ ದಪ್ಪ ತುಟಿಗೆ ಪೂರ್ತಿಯಾಗಿ ಬಣ್ಣ ತುಂಬಿದಾಗ ಗೊಂಬೆಗೆ ಮೊದಲ ಸಲ ಮಾತು ಬಂದಂತಾಯಿತು.

ಆದಿಲಕ್ಷ್ಮಮ್ಮ ಒಲೆ ಆರಿಸಿ ಒಳಗೆ ಬಂದವಳು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಮಗಳ ತಲೆಗೆ ಮೆಲ್ಲಗೆ ಒಂದು ಮೊಟಕಿ, "ನನ್ನ ಕೇಳದೇನೇ ಮಾಡ್ಬುಟ್ಯಾ? ಕೇಳಿದ್ದಿದ್ರೆ ತಲೆ ಬಾಚ್ಕೊಂಡು ಕೂತ್ಕತಿದ್ದೆ" ಎಂದಳು. ಮೂವರೂ ನಕ್ಕರು. ನಗುತ್ತಲೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ಚೈತ್ರ ನೋಡಿದಳು.

ಬಿಡುಗಡೆಯ ಭಾನುವಾರ ಊರಿಗಾಂ ಸಮುದಾಯ ಭವನದ ಮುಂದೆ ಬಣ್ಣದ ಬ್ಯಾನರು, ಮೈಕು, ಜನ. ಚೈತ್ರ ಬಾಗಿಲಿಗೆ ಹೋದಳು. ಅಲ್ಲಿದ್ದ ಕಂಪನಿಯ ವ್ಯವಸ್ಥಾಪಕ ವೇಣು ಕೈ ಅಡ್ಡ ಹಿಡಿದ.

"ನಿಮ್ಮ ಹೆಸರು ತೆಗೆದುಹಾಕಿದ್ದಾರೆ ಮೇಡಂ. ಒಳಗೆ ಬಿಡಬೇಡ ಅಂದಿದ್ದಾರೆ."

"ಒಳಗೆ ಬೇಡ. ರಸ್ತೆ ಯಾರ್ದು?"

ಚೈತ್ರ ಭವನದ ಎದುರಿನ ಮೋಟುಗೋಡೆಯ ಮೇಲೆ ತನ್ನ ಬಿಳಿ ಟವೆಲ್ ಹಾಸಿ, ಎರಡು ಗೊಂಬೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದಳು. ಒಂದು ವನಿತಾ ಅಮ್ಮನಿಗೆ ತಂದುಕೊಟ್ಟಿದ್ದು, ಪೆಟ್ಟಿಗೆಯಿಂದ ಬಂದ ಬಣ್ಣದಲ್ಲೇ ಇದ್ದದ್ದು, ಇನ್ನೊಂದು ವನಿತಾ ಬಳಿದದ್ದು. ವನಿತಾ ತಲೆ ತಗ್ಗಿಸಿ, ಬಣ್ಣದ ಡಬ್ಬಿಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಳು. ಬರುವುದೇ ಇಲ್ಲ ಎಂದಿದ್ದವಳು, ಬೆಳಿಗ್ಗೆ ತಾನಾಗಿಯೇ ಚೈತ್ರಳ ಹಿಂದೆ ಹೊರಟಿದ್ದಳು.

ಕಾರ್ಯಕ್ರಮ ಮುಗಿದು ಜನ ಪೆಟ್ಟಿಗೆ ಹಿಡಿದು ಹೊರಬಂದರು. ಮೊದಲು ನಿಂತವಳು ಸುಮಿತಾ ಎಂಬ ನರ್ಸು, ಅಲ್ಲೇ ಪಕ್ಕದ ಕೋರಮಂಡಲ್‌ನವಳು, ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಳು. ಎರಡೂ ಗೊಂಬೆಗಳನ್ನು ನೋಡಿದಳು, ಕೈಯಲ್ಲಿದ್ದ ಪೆಟ್ಟಿಗೆ ನೋಡಿದಳು.

"ಇದು ಎಲ್ಲಿ ಸಿಗುತ್ತೆ?" ಎಂದು ಕಪ್ಪು ಗೌರಿಯನ್ನು ತೋರಿಸಿದಳು.

"ನಿಮ್ಮ ಪೆಟ್ಟಿಗೆ ಒಳಗೇ ಅವ್ಳೆ" ಎಂದಳು ಚೈತ್ರ. "ಮೇಲಿಂದು ಒರೆಸಬೇಕು ಅಷ್ಟೇ."

ಸುಮಿತಾ ಅಲ್ಲೇ ಪೆಟ್ಟಿಗೆ ಹರಿದು ಗೊಂಬೆಯನ್ನು ವನಿತಾಳ ಕೈಗೆ ಕೊಟ್ಟಳು. ವನಿತಾ ಒರೆಸತೊಡಗಿದಳು. ಸುತ್ತ ಜನ ಕವಿದರು. ಕೆಲವರು ಮೊದಲಿನದೇ ಚೆನ್ನಾಗಿದೆ ಎಂದು ಹೊರಟರು, ಚೈತ್ರ ಅವರನ್ನು ತಡೆಯಲಿಲ್ಲ. ಆದರೆ ಗೋಡೆಯ ಮೇಲೆ ಸರತಿಯಲ್ಲಿ ನಿಂತ ಗೊಂಬೆಗಳ ಸಾಲು ಬೆಳೆಯುತ್ತಲೇ ಹೋಯಿತು.

ಸುದ್ದಿ ಒಳಗೆ ಹೋಗಿ ರವಿಶಂಕರ್ ಬಂದ. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

"ಇದು ನನ್ನ ಕಂಪನಿ ಗೊಂಬೆ. ಬಣ್ಣ ಬದಲಾಯಿಸೋಕೆ ನಿಮಗೆ ಯಾರು ಹಕ್ಕು ಕೊಟ್ಟಿದ್ದು? ಕೋರ್ಟಿಗೆ ಎಳೀತೀನಿ."

"ಕೊಂಡ್ಕೊಂಡೋರು ಇವ್ರು ಸಾರ್. ಇವ್ರ ಬೊಂಬೆ, ಇವ್ರ ಮನೆ, ಇವ್ರ ಇಷ್ಟ" ಎಂದಳು ಚೈತ್ರ. "ಅವತ್ತು ಸ್ಟುಡಿಯೋದಲ್ಲಿ ನೀವು ನನ್ನ ಕೇಳಿದ್ರಲ್ಲ, ಉತ್ತರ ತಂದಿದ್ದೀನಿ. ಹೌದು, ನಾನೂ ಬೆಳ್ಳಗೆ ಮಾಡ್ತಿದ್ದೆ. ಬುಟ್ಟೆ. ನೀವೂ ಬುಡಿ."

ಗುಂಪಿನಲ್ಲಿ ಯಾರೋ ಶಿಳ್ಳೆ ಹಾಕಿದರು. ರವಿಶಂಕರ್ ಅವಳನ್ನು ಬಿಟ್ಟು ವನಿತಾಳ ಕಡೆ ತಿರುಗಿದ. "ನೀನು? ನಾಳೆಯಿಂದ ನಿನಗೆ ನನ್ನ ಹತ್ತಿರ ಕೆಲಸ ಇಲ್ಲ, ಗೊತ್ತಾ?"

ವನಿತಾ ಅದುವರೆಗೆ ತಲೆ ಎತ್ತಿರಲಿಲ್ಲ. ಈಗ ಕುಂಚವನ್ನು ಕೆಳಗಿಟ್ಟು ಎದ್ದು ನಿಂತಳು.

"ಇದು ನಮ್ಮಮ್ಮನ ಮುಖ ಸಾರ್. ನಾನು ಕೆತ್ತಿದ್ದು. ನೀವು ಕೆಲಸ ಕಿತ್ಕೊಳ್ಳಿ, ಮುಖ ಕಿತ್ಕೊಳ್ಳೋಕಾಗಲ್ಲ. ಹೆಸರು ವನಿತಾ, ಎಲ್ಲರೂ ಕೇಳಿಸ್ಕೊಳ್ಳಿ."

ರವಿಶಂಕರ್ ಸುತ್ತ ನೋಡಿದ. ಎತ್ತಿ ಹಿಡಿದ ಫೋನುಗಳನ್ನು ಕಂಡು ಸರಸರನೆ ಕಾರು ಹತ್ತಿದ.

ಅವನು ಕೋರ್ಟಿಗೂ ಹೋಗಲಿಲ್ಲ, ಬಣ್ಣವನ್ನೂ ಬದಲಾಯಿಸಲಿಲ್ಲ. ಮುಂದಿನ ಸಲ ಅಂಗಡಿಗೆ ಬಂದ ಗಣಿಗೌರಿಯರೂ ಗುಲಾಬಿಯಾಗಿಯೇ ಇದ್ದರು. ವನಿತಾಳ ಕೆಲಸ ಹೋಯಿತು. ಸುಬ್ಬರಾಯಪ್ಪ ಚೈತ್ರಳನ್ನು ವಾಪಸ್ ಕರೆದರು, ಮುಖ ಬೆಳ್ಳಗೆ ಮಾಡಬೇಕಾದ ಫೋಟೋಗಳನ್ನು ತಾವೇ ಗೊಣಗುತ್ತಾ ಮಾಡತೊಡಗಿದರು. ಅವರ ಕೈಗೆ ಅದು ಅಷ್ಟು ಒಗ್ಗುತ್ತಿರಲಿಲ್ಲ. ಮದುಮಕ್ಕಳ ಕಿವಿಗಳು ಕಪ್ಪಗೇ ಉಳಿಯುತ್ತಿದ್ದವು.

ಆದರೆ ಜನ ಗೊಂಬೆ ತರುವುದು ನಿಲ್ಲಲಿಲ್ಲ. ಬೆಂಗಳೂರಿನಿಂದ, ಚಿತ್ತೂರಿನಿಂದ, ಎಲ್ಲೆಲ್ಲಿಂದಲೋ ಪೆಟ್ಟಿಗೆಗಳು ವನಿತಾಳ ಲೈನು ಮನೆಗೆ ಬರತೊಡಗಿದವು. ಕೆಲವರು ತಮ್ಮ ಅಜ್ಜಿಯ, ಅಕ್ಕನ ಫೋಟೋ ಜೊತೆಗಿಟ್ಟು, ಈ ಬಣ್ಣ ಬರಲಿ ಎಂದು ಬರೆಯುತ್ತಿದ್ದರು. ಆದಿಲಕ್ಷ್ಮಮ್ಮ ಒಣಗಲು ಇಟ್ಟ ಗೊಂಬೆಗಳ ಮೇಲೆ ಒಲೆಯ ಮಸಿ ಕೂರದ ಹಾಗೆ ಸೆರಗು ಬೀಸುತ್ತಾ, "ಅಯ್ಯೋ, ನನ್ನಂಥೋರು ಇಷ್ಟೊಂದು ಜನಾನಾ!" ಎಂದು ಬಂದವರಿಗೆಲ್ಲ ಪಣಿಯಾರ ಕೊಡುತ್ತಿದ್ದಳು.